ಮಗು ನಕ್ಕ ಮೇಲೂ ಮುಗಿಯದ ಹೋರಾಟ

ಹಾಸನದಿಂದ ಬೇಲೂರಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ದೊಡ್ಡಗದ್ದವಳ್ಳಿ ಇದೆ. ಕೆರೆಯ ಪಕ್ಕದಲ್ಲಿ ನಾಲ್ಕು ಗರ್ಭಗುಡಿಗಳ ಲಕ್ಷ್ಮೀದೇವಿ ದೇವಾಲಯ. ವಿಷ್ಣುವರ್ಧನನ ಕಾಲದಲ್ಲಿ, 12ನೇ ಶತಮಾನದ ಆರಂಭದಲ್ಲಿ, ಒಬ್ಬ ವರ್ತಕ ಮತ್ತು ಅವನ ಹೆಂಡತಿ ಕಟ್ಟಿಸಿದ್ದು. ಬಂದವರು ಕೆತ್ತನೆ ನೋಡಿ ಹಿಂತಿರುಗುತ್ತಾರೆ. ಈ ಸೀಮೆಯ ಮನೆಗಳ ಅಂಗಳದಲ್ಲಿ, ಬೇಲಿಯ ಬುಡದಲ್ಲಿ ವರ್ಷವಿಡೀ ಹೂ ಬಿಡುವ ಸಣ್ಣ ಗಿಡವೊಂದರ ಕಡೆ ಮಾತ್ರ ಯಾರೂ ತಿರುಗಿ ನೋಡುವುದಿಲ್ಲ. ಅದೇ ನಿತ್ಯಪುಷ್ಪ. ಕಾಶಿಕಣಗಿಲೆ ಎಂದೂ ಕರೆಯುತ್ತಾರೆ. ದನ ಬಾಯಿ ಹಾಕದ ಈ ಗಿಡದಿಂದ ಬೇರ್ಪಡಿಸಿದ ವಿನ್‌ಕ್ರಿಸ್ಟೀನ್ ಎಂಬ ವಸ್ತು, ರಕ್ತದ ಕ್ಯಾನ್ಸರ್ ತಗುಲಿದ ಮಕ್ಕಳಿಗೆ ಕೊಡುವ ಮುಖ್ಯ ಔಷಧಗಳಲ್ಲೊಂದು. ಅಮೆರಿಕದಲ್ಲಿ 1963ರಲ್ಲಿ ಇದರ ಬಳಕೆಗೆ ಒಪ್ಪಿಗೆ ದೊರೆಯಿತು.

ಹಳ್ಳಿಯ ಒಂದು ಕುಟುಂಬದ ಕಿವಿಗೆ ಈ ಹೆಸರು ಬೀಳುವುದು ಸಾಮಾನ್ಯವಾಗಿ ಹೀಗೆ. ಮಗು ಶಾಲೆಯಿಂದ ಬಂದು ಚೀಲ ಎಸೆದು ಮಲಗುತ್ತದೆ. “ಅವ್ವ, ಕಾಲು ನೋವು” ಎನ್ನುತ್ತದೆ. ಆಡಿ ಬಂದ ಆಯಾಸವಿರಬೇಕು ಎಂದು ತಾಯಿ ಎಣ್ಣೆ ಹಚ್ಚುತ್ತಾಳೆ. ಜ್ವರ ಬರುತ್ತದೆ, ಬಿಡುತ್ತದೆ, ಮತ್ತೆ ಬರುತ್ತದೆ. ಮುಖ ಬಿಳಿಚಿಕೊಳ್ಳುತ್ತದೆ. “ದೃಷ್ಟಿ ತಾಕಿದೆ ಕಣವ್ವ” ಎಂದು ಅಜ್ಜಿ ನಿವಾಳಿಸುತ್ತಾಳೆ. ಪೆಟ್ಟು ಬೀಳದಿದ್ದರೂ ಮೈಮೇಲೆ ನೀಲಿ ಕಲೆಗಳೇಳುತ್ತವೆ, ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಆಗ ಯಾರೋ ರಕ್ತಪರೀಕ್ಷೆ ಮಾಡಿಸಲು ಹೇಳುತ್ತಾರೆ. ಚೀಟಿ ನೋಡಿದ ವೈದ್ಯರು ತಂದೆಯನ್ನು ಪಕ್ಕಕ್ಕೆ ಕರೆದು, ತಡಮಾಡದೆ ಬೆಂಗಳೂರಿಗೆ ಕರೆದೊಯ್ಯುವಂತೆ ತಿಳಿಸುತ್ತಾರೆ.

ಆ ಕ್ಷಣದಲ್ಲಿ ಮನೆಯವರಿಗೆ ಎಲ್ಲವೂ ಮುಗಿಯಿತು ಎನಿಸುತ್ತದೆ. ನಿಜವಾಗಿ ಅಲ್ಲಿ ಹೋರಾಟ ಆರಂಭವಾಗುತ್ತದೆ.

ಬಾಸ್ಟನ್ನಿನ ಅವಳಿ ಮಕ್ಕಳು

ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಎಂದರೆ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯ. ಮೂಳೆಯ ಮಜ್ಜೆಯಲ್ಲಿ ಬಲಿಯದ ಬಿಳಿ ರಕ್ತಕಣಗಳು ಮಿತಿಯಿಲ್ಲದೆ ಹೆಚ್ಚಿ, ಒಳ್ಳೆಯ ಕಣಗಳಿಗೆ ಜಾಗವಿಲ್ಲದಂತೆ ಮಾಡುತ್ತವೆ. ಕೆಂಪುಕಣ ಕಡಿಮೆಯಾಗಿ ಮುಖ ಬಿಳಿಚುತ್ತದೆ, ಕಿರುಬಿಲ್ಲೆಗಳು ಕಡಿಮೆಯಾಗಿ ರಕ್ತ ಸೋರುತ್ತದೆ, ಸೋಂಕನ್ನೆದುರಿಸುವ ಕಣಗಳಿಲ್ಲದೆ ಜ್ವರ ಬರುತ್ತದೆ. 1947ರವರೆಗೆ ಇದಕ್ಕೆ ಮದ್ದೇ ಇರಲಿಲ್ಲ.

ಆ ವರ್ಷ ಬಾಸ್ಟನ್ ನಗರದ ಮಕ್ಕಳ ಆಸ್ಪತ್ರೆಯಲ್ಲಿದ್ದ ವೈದ್ಯ ಸಿಡ್ನಿ ಫಾರ್ಬರ್ ಒಂದು ಸಂಗತಿಯನ್ನು ಗಮನಿಸಿದರು. ಫೋಲಿಕ್ ಆಮ್ಲದ ಜಾತಿಯ ವಸ್ತು ಕೊಟ್ಟರೆ ರೋಗ ಇನ್ನೂ ಬೇಗ ಹಬ್ಬುತ್ತಿತ್ತು. ಗೊಬ್ಬರ ಹಾಕಿದಾಗ ಬೆಳೆಯ ಜೊತೆ ಕಳೆಯೂ ಕೊಬ್ಬುವಂತೆ. ಹಾಗಾದರೆ ಕಳೆಗೆ ಆ ಗೊಬ್ಬರ ಸಿಗದಂತೆ ತಡೆದರೆ? ಫೋಲಿಕ್ ಆಮ್ಲದಂತೆಯೇ ಕಾಣುವ, ಆದರೆ ಅದರ ಕೆಲಸವನ್ನು ತಡೆಯುವ ವಸ್ತು ಅವರಿಗೆ ಬೇಕಿತ್ತು. ಅದನ್ನು ಒದಗಿಸಿದ್ದು ಲೆಡರ್ಲಿ ಪ್ರಯೋಗಾಲಯದಲ್ಲಿ ಸಂಶೋಧನೆಯ ನೇತೃತ್ವ ವಹಿಸಿದ್ದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಸುಬ್ಬರಾವ್, ಬಡತನದಲ್ಲಿ ಓದಿ 1923ರಲ್ಲಿ ಅಮೆರಿಕಕ್ಕೆ ಹೋಗಿದ್ದವರು.

1947ರ ಡಿಸೆಂಬರ್ 28ರಂದು ಅಮಿನೊಪ್ಟೆರಿನ್ ಎಂಬ ಆ ಔಷಧವನ್ನು ಒಬ್ಬ ಪುಟ್ಟ ಹುಡುಗನಿಗೆ ಕೊಡಲಾಯಿತು. ಅವಳಿಗಳಲ್ಲಿ ಅವನೊಬ್ಬ. ಒಬ್ಬ ಗುಂಡುಗುಂಡಗೆ ಆಡಿಕೊಂಡಿದ್ದರೆ, ಇವನು ಹೊಟ್ಟೆ ಊದಿಕೊಂಡು ಹಾಸಿಗೆ ಹಿಡಿದಿದ್ದ. ಕೆಲವೇ ವಾರಗಳಲ್ಲಿ ರಕ್ತದ ಕೆಟ್ಟ ಕಣಗಳು ಇಳಿದವು. ಹುಡುಗ ಎದ್ದು ನಡೆದ. ಬಹಳ ದಿನಗಳ ಮೇಲೆ ಅಣ್ಣತಮ್ಮ ಇಬ್ಬರೂ ಮತ್ತೆ ಒಂದೇ ತರಹ ಕಂಡರು. ಆ ತಾಯಿತಂದೆಯ ಸಂತೋಷ ಎಷ್ಟಿದ್ದಿರಬೇಕು!

ಆದರೆ ರೋಗ ಮರಳಿ ಬಂತು. 1948ರಲ್ಲಿ ಆ ಮಗು ತೀರಿಕೊಂಡಿತು. ಅದೇ ವರ್ಷದ ಜೂನ್‌ನಲ್ಲಿ ಫಾರ್ಬರ್ ಪ್ರಕಟಿಸಿದ ವರದಿಯಂತೆ, 16 ಮಕ್ಕಳ ಪೈಕಿ 10 ಮಕ್ಕಳಲ್ಲಿ ಗುಣ ಕಂಡಿತ್ತು. ಆದರೆ ಅದು ಕೆಲವು ತಿಂಗಳ ಗುಣ. ಅದೇ ವರ್ಷ ಆಗಸ್ಟ್‌ನಲ್ಲಿ ಸುಬ್ಬರಾವ್ ಕೂಡ ನಿಧನರಾದರು.

ಜೇಕಿನ ಗೆಡ್ಡೆಯ ಲೆಕ್ಕ

ಗುಣವಾದಂತೆ ಕಂಡ ರೋಗ ಮರಳಿದ್ದೇಕೆ? ಇದಕ್ಕೆ ಉತ್ತರ ಒಂದು ಸರಳ ಲೆಕ್ಕದಲ್ಲಿದೆ. ರೋಗ ಪತ್ತೆಯಾಗುವ ಹೊತ್ತಿಗೆ ಮಗುವಿನ ದೇಹದಲ್ಲಿ ಸುಮಾರು ಒಂದು ಲಕ್ಷ ಕೋಟಿ ಕ್ಯಾನ್ಸರ್ ಕಣಗಳಿರಬಹುದು. ಮೊದಲ ತಿಂಗಳ ಚಿಕಿತ್ಸೆಯಲ್ಲಿ ಸಾವಿರಕ್ಕೆ 999 ಸತ್ತವು ಎನ್ನೋಣ. ಉಳಿದದ್ದು 100 ಕೋಟಿ! ಸೂಕ್ಷ್ಮದರ್ಶಕದಲ್ಲಿ ಮಜ್ಜೆ ಶುದ್ಧವಾಗಿ ಕಾಣುತ್ತದೆ. ಮಗು ನಗುತ್ತದೆ, ಊಟ ಕೇಳುತ್ತದೆ, ಚೆಂಡು ಹಿಡಿದು ಓಡುತ್ತದೆ. ಆದರೂ 100 ಕೋಟಿ ಕಣಗಳು ಅಡಗಿವೆ.

ಆಲೂಗಡ್ಡೆ ಹೊಲದಲ್ಲಿ ಕಳೆ ತೆಗೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಜೇಕಿನ ಹುಲ್ಲನ್ನು ಮೇಲಿನಿಂದ ಕಿತ್ತರೆ ಹೊಲ ಹಸನಾಗಿ ಕಾಣುತ್ತದೆ. ಗೆಡ್ಡೆ ಮಣ್ಣಿನಲ್ಲೇ ಇರುತ್ತದೆ. ಎರಡು ಮಳೆ ಬಿದ್ದರೆ ಮತ್ತೆ ಎದ್ದಿತು.

ಆದ್ದರಿಂದ ವೈದ್ಯರು ಎರಡು ಪಾಠ ಕಲಿತರು. ಒಂದೇ ಔಷಧ ಸಾಲದು, ಬೇರೆ ಬೇರೆ ಬಗೆಯಲ್ಲಿ ಕೆಲಸ ಮಾಡುವ ಹಲವು ಔಷಧಗಳು ಒಟ್ಟಾಗಿ ಬೇಕು. ನಿತ್ಯಪುಷ್ಪದ ವಿನ್‌ಕ್ರಿಸ್ಟೀನ್ ಕೋಶವಿಭಜನೆಗೆ ಬೇಕಾದ ಎಳೆಗಳೇ ಕಟ್ಟಿಕೊಳ್ಳದಂತೆ ಮಾಡುತ್ತದೆ. ಅಮಿನೊಪ್ಟೆರಿನ್‌ನ ಸಂಬಂಧಿ ಮೆಥೊಟ್ರೆಕ್ಸೇಟ್, ಗರ್ಟ್ರೂಡ್ ಎಲಿಯನ್ ಅವರು ರೂಪಿಸಿದ ಮರ್ಕ್ಯಾಪ್ಟೊಪ್ಯೂರಿನ್ ಮಾತ್ರೆ, ಇವು ಹೊಸ ಡಿ.ಎನ್.ಎ. ತಯಾರಾಗದಂತೆ ತಡೆಯುತ್ತವೆ. ಎಲಿಯನ್ 1988ರಲ್ಲಿ ನೊಬೆಲ್ ಪಡೆದರು. ಎರಡನೆಯ ಪಾಠ, ಮಗು ಚೇತರಿಸಿಕೊಂಡ ಮೇಲೂ ಔಷಧ ಮುಂದುವರಿಯಬೇಕು. ಎರಡರಿಂದ ಮೂರು ವರ್ಷ! ಅಮೆರಿಕದ ಮೆಂಫಿಸ್ ನಗರದ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ 1960ರ ದಶಕದ ಕೊನೆಯಲ್ಲಿ ಈ ಬಗೆಯ ದೀರ್ಘ ಚಿಕಿತ್ಸೆಯಿಂದ ಸುಮಾರು ಅರ್ಧದಷ್ಟು ಮಕ್ಕಳನ್ನು ಉಳಿಸಿಕೊಂಡರು. ಇಂದು ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ದೇಶಗಳಲ್ಲಿ ಈ ಪ್ರಮಾಣ ಬಹಳ ಕಡಿಮೆ. ಔಷಧದ ಕೊರತೆ ಒಂದು ಕಾರಣವಾದರೆ, ರೋಗ ತಡವಾಗಿ ಗೊತ್ತಾಗುವುದು ಮತ್ತು ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು ಇನ್ನೆರಡು ಕಾರಣ.

ಅರ್ಧಕ್ಕೆ ಬಿಡುವುದೇಕೆ?

ತಾಯಿತಂದೆಗೆ ಮಗುವಿನ ಮೇಲೆ ಪ್ರೀತಿ ಇಲ್ಲದೆ ಅಲ್ಲ. ಬೆಂಗಳೂರು ಇಲ್ಲಿಂದ ಸುಮಾರು 200 ಕಿ.ಮೀ. ತಾಯಿ ಮಗುವಿನೊಂದಿಗೆ ಆಸ್ಪತ್ರೆಯಲ್ಲಿ, ಇನ್ನೊಂದು ಮಗು ಅಜ್ಜಿಯ ಮನೆಯಲ್ಲಿ, ತಂದೆ ಹೊಲಕ್ಕೂ ಪೇಟೆಗೂ ನಡುವೆ. ಹಸು ಮಾರಿಯಾಯಿತು, ಒಡವೆ ಗಿರವಿಗೆ ಹೋಯಿತು. ಕೂದಲು ಉದುರಿದ ಮಗುವನ್ನು ಕಂಡು ನೆಂಟರು ಮರುಗುತ್ತಾರೆ. ಅಷ್ಟರಲ್ಲಿ ಮಗು ಚೇತರಿಸಿಕೊಳ್ಳುತ್ತದೆ. “ಈಗ ಚೆನ್ನಾಗಿದ್ದಾನಲ್ಲ, ಇನ್ಯಾಕೆ ಆ ವಿಷ?” ಎಂದು ಯಾರೋ ಹೇಳುತ್ತಾರೆ. ದಣಿದ ಮನಸ್ಸಿಗೆ ಆ ಮಾತು ಹಿತವಾಗಿ ಕೇಳುತ್ತದೆ. ಕುಟುಂಬ ಗಟ್ಟಿಯಾಗಿ ನಿಲ್ಲಬೇಕಾದದ್ದು ಇಲ್ಲೇ. ರೋಗ ಕಣ್ಣಿಗೆ ಕಾಣುವಾಗ ಎಲ್ಲರೂ ಹೋರಾಡುತ್ತಾರೆ. ಕಾಣದಿದ್ದಾಗಲೂ ಹೋರಾಡುವುದೇ ಕಷ್ಟ.

ಸಹಾಯಕ್ಕೆ ದಾರಿಗಳಿವೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ 1973ರಿಂದ ಕ್ಯಾನ್ಸರ್ ಚಿಕಿತ್ಸೆ ನೀಡುತ್ತಿದ್ದು, ಮಕ್ಕಳಿಗಾಗಿಯೇ ಪ್ರತ್ಯೇಕ ವಿಭಾಗವಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವುಂಟು. 2017ರಿಂದ ಹಾಸನ–ಬೆಂಗಳೂರು ನೇರ ರೈಲುಮಾರ್ಗವಿದೆ, ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರೈಲ್ವೆ ರಿಯಾಯಿತಿ ಇದೆ. ಒಡವೆ ಗಿರವಿ ಇಡುವ ಮೊದಲೇ ಇವನ್ನೆಲ್ಲ ವಿಚಾರಿಸಬೇಕು.

ಮನೆಯವರು ನೆನಪಿಡಬೇಕಾದ್ದು

ವಾರಗಟ್ಟಲೆ ಬಿಡದ ಜ್ವರ, ಬಿಳಿಚಿಕೆ, ಪೆಟ್ಟಿಲ್ಲದೆ ಏಳುವ ಕಲೆ, ರಾತ್ರಿ ನಿದ್ದೆಗೆಡಿಸುವ ಮೂಳೆನೋವು, ಕುತ್ತಿಗೆಯ ಗಂಟು, ಹೊಟ್ಟೆಯ ಊತ, ಕಣ್ಣಿನ ಪಾಪೆಯಲ್ಲಿ ಬಿಳಿ ಹೊಳಪು, ಇವುಗಳಲ್ಲಿ ಯಾವುದು ಕಂಡರೂ ವೈದ್ಯರಿಗೆ ತೋರಿಸಬೇಕು. ಬಹುಪಾಲು ಸಂದರ್ಭಗಳಲ್ಲಿ ಅದು ಕ್ಯಾನ್ಸರ್ ಆಗಿರುವುದಿಲ್ಲ. ಆದರೂ ಒಂದು ರಕ್ತಪರೀಕ್ಷೆಯಿಂದ ನಷ್ಟವಿಲ್ಲ. ಚಿಕಿತ್ಸೆಯಲ್ಲಿರುವ ಮಗುವಿಗೆ ಜ್ವರ ಬಂದರೆ ಬೆಳಗಾಗಲೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಅಂಗಳದ ನಿತ್ಯಪುಷ್ಪವನ್ನು ಕಷಾಯ ಮಾಡಿ ಕುಡಿಸುವ ಸಾಹಸ ಬೇಡ. ಗಿಡದಲ್ಲಿ ವಿಷವಸ್ತುಗಳಿವೆ. ಒಂದು ಗ್ರಾಂ ಔಷಧಕ್ಕೆ ನೂರಾರು ಕಿಲೋ ಒಣ ಎಲೆ ಬೇಕು, ಅದನ್ನು ಅಳೆದು ರಕ್ತನಾಳಕ್ಕೇ ಕೊಡಬೇಕು.

ವಿದ್ಯಾರ್ಥಿಗಳಿಗೂ ಒಂದು ಕೆಲಸವಿದೆ. ಈ ರೋಗ ಅಂಟುವುದಿಲ್ಲ. ತಾಯಿತಂದೆಯ ತಪ್ಪಿನಿಂದಾಗಲಿ, ಪಾಪದಿಂದಾಗಲಿ ಬರುವುದಿಲ್ಲ. ತಲೆಗೆ ಟೋಪಿ ಹಾಕಿಕೊಂಡು ತಿಂಗಳುಗಳ ನಂತರ ತರಗತಿಗೆ ಬರುವ ಗೆಳೆಯನಿಗೆ ಬೆಂಚಿನಲ್ಲಿ ಅವನ ಜಾಗ ಬಿಟ್ಟುಕೊಡಿ, ತಪ್ಪಿಹೋದ ಪಾಠದ ನೋಟ್ಸ್ ಕೊಡಿ. ನಿಮಗೆ ನೆಗಡಿ ಜ್ವರವಿದ್ದ ದಿನ ಮಾತ್ರ ದೂರವಿರಿ.

ಬಾಸ್ಟನ್ನಿನ ಆ ಹುಡುಗನಿಗೆ ಸಿಕ್ಕಿದ್ದು ಕೆಲವು ತಿಂಗಳು. ಅವನಂಥ ಮಕ್ಕಳಿಂದ ಕಲಿತ ಪಾಠದಿಂದ ಇಂದಿನ ಮಗುವಿಗೆ ಇಡೀ ಬಾಳು ಸಿಗಬಹುದು. ಅದಕ್ಕಾಗಿ ಕೊನೆಯ ಮಾತ್ರೆಯವರೆಗೂ ಮನೆಯವರು ಕೈಬಿಡಬಾರದು.