ತ್ವಾಳಂದ್ರ ತ್ವಾಳಲ್ಲ, ನಾಯಂದ್ರ ನಾಯಲ್ಲ

ಸುಗ್ಗಿ ಮುಗಿದ ಮೇಲೆ ನಮ್ಮ ಯರಗುಪ್ಪಿಯ ಎರೆ ಹೊಲಗಳಿಗೆ ಕುರಿ ಬರುತ್ತವೆ. ಕಡಲೆ, ಜೋಳ ತೆಗೆದ ಹೊಲದಲ್ಲಿ ರಾತ್ರಿ ಹಿಂಡು ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ ಆಯ್ತು, ಕುರಿಯವರಿಗೆ ಒಂದಿಷ್ಟು ಕಾಳೋ ರೊಕ್ಕವೋ ಸಿಕ್ಕಂಗೂ ಆಯ್ತು. ಹೋದ ಸಲ ಊರಿಗೆ ಹೋದಾಗ ನಮ್ಮ ಹೊಲದಲ್ಲೇ ಹಿಂಡು ಇತ್ತು. ಅವ್ವ ಕಟ್ಟಿಕೊಟ್ಟ ರೊಟ್ಟಿ ಪಲ್ಯ ತಗೊಂಡು ಹೋದವ ಅಲ್ಲೇ ಕುಂತೆ.

"ಕಾಕಾ, ತ್ವಾಳದ ಕಾಟ ಐತೇನ್ರಿ?"

"ಇಲ್ಲಿ ಇಲ್ಲ ತಮ್ಮಾ. ಕಪ್ಪತಗುಡ್ಡದ ಬುಡಕ್ಕ ಇದ್ದಾಗ ಒಂದು ಮರಿ ಹೋತು. ಬಂದಿದ್ದು ಏನಂತ ನನಗ ಇನ್ನೂ ತಿಳಿದಿಲ್ಲ ನೋಡು. ತ್ವಾಳಂದ್ರ ತ್ವಾಳಲ್ಲ, ನಾಯಂದ್ರ ನಾಯಲ್ಲ. ಮೈ ಕೆಂಚಗ, ಬಾಲ ಮ್ಯಾಲ ಡೊಂಕು."

ತೋಳದ ಬಾಲ ಸಾಮಾನ್ಯವಾಗಿ ಕೆಳಗೆ ಇಳಿಬಿದ್ದಿರುತ್ತದೆ, ಡೊಂಕು ಬಾಲ ನಾಯಿಯದು. ಐವತ್ತು ವರ್ಷ ಕುರಿ ಕಾಯ್ದ ಮನುಷ್ಯನಿಗೆ ಇವೆರಡರ ವ್ಯತ್ಯಾಸ ಯಾರೂ ಹೇಳಿಕೊಡಬೇಕಿಲ್ಲ. ಅವರಿಗೇ ಅನುಮಾನ ಬಂತು ಅಂದರೆ ಏನೋ ಇರಬೇಕು ಅನಿಸಿತು. ನಾನು ಸಾಫ್ಟ್‌ವೇರಿನವ, ಜೀವಶಾಸ್ತ್ರದ ಋಣ ಶಾಲೆಗೇ ಮುಗಿದಿತ್ತು. ಬೆಂಗಳೂರಿಗೆ ಬಂದ ಮೇಲೆ ರಾತ್ರಿ ಕೂತು ಓದತೊಡಗಿದೆ.

ಇದೇ ಅನುಮಾನ ಪುಣೆ ಹತ್ತಿರದ ಹುಲ್ಲುಗಾವಲಿನಲ್ಲಿ ತೋಳ ನೋಡುವ ಹವ್ಯಾಸಿಗಳಿಗೂ ಬಂದಿತ್ತು. ಗುಂಪಿನಲ್ಲಿ ಕೆಲವು ಪ್ರಾಣಿಗಳ ಮೈಬಣ್ಣ ತೋಳದ್ದಿರಲಿಲ್ಲ. ಅಲ್ಲಿನ ದಿ ಗ್ರಾಸ್‌ಲ್ಯಾಂಡ್ಸ್ ಟ್ರಸ್ಟಿನವರು ಬೆಂಗಳೂರಿನ ಎರಡು ಸಂಸ್ಥೆಗಳ ಜೊತೆ ಕೈ ಜೋಡಿಸಿದರು: ಒಂದು ಏಟ್ರೀ, ಇನ್ನೊಂದು ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್. ಡಿಎನ್‌ಎ ಓದಿ ನೋಡಿದರೆ ಅದು ತೋಳ ಮತ್ತು ನಾಯಿಯ ಬೆರಕೆಯೇ. ಭಾರತದ ಬಯಲುಗಳಲ್ಲಿ ಇಂಥ ಬೆರಕೆ ಜೀನ್ ಪರೀಕ್ಷೆಯಿಂದ ಸಾಬೀತಾದದ್ದು ಅದೇ ಮೊದಲು. ವರದಿ 2023ರಲ್ಲಿ ಬಂತು.

ಬೆರೆತರೆ ಏನಾಯ್ತು, ಎರಡೂ ಒಂದೇ ಕುಲ ತಾನೆ? ನನಗೂ ಮೊದಲು ಹಾಗೇ ಅನಿಸಿತ್ತು. ಇದಕ್ಕೆ ಉತ್ತರ ಬೇಕಾದರೆ ನಮ್ಮ ತೋಳದ ವಂಶಾವಳಿ ತೆಗೆಯಬೇಕು.

1831ರಲ್ಲಿ ಸೈಕ್ಸ್ ಎಂಬ ಬ್ರಿಟಿಷ್ ಸೇನಾಧಿಕಾರಿ ದಖ್ಖನ್ನಿನ ತೋಳಕ್ಕೆ 'ಪಲ್ಲಿಪೆಸ್' ಅಂತ ಹೆಸರಿಟ್ಟ, ಬಿಳಿಚಿದ ಕಾಲಿನದು ಎಂದರ್ಥ. ಮುಂದೆ ಇದನ್ನು ಯುರೋಪು, ಅಮೆರಿಕದ ಬೂದು ತೋಳದ ಒಂದು ಉಪಜಾತಿ ಎಂದು ಲೆಕ್ಕಕ್ಕೆ ಸೇರಿಸಿದರು. ಟರ್ಕಿಯಿಂದ ನಮ್ಮ ತನಕ ಇರುವುದೆಲ್ಲ ಒಂದೇ ಎಂದುಕೊಂಡಿದ್ದರಿಂದ ಯಾರಿಗೂ ಚಿಂತೆ ಇರಲಿಲ್ಲ. 2004ರಲ್ಲಿ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯ ಯಾದವೇಂದ್ರದೇವ್ ಝಾಲಾ ಮತ್ತು ಜೊತೆಗಾರರು ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯಾದ ಡಿಎನ್‌ಎ ನೋಡಿ, ಇದು ಬಹಳ ಹಿಂದೆಯೇ ಕವಲೊಡೆದ ವಂಶ ಅಂದರು. ಅವರ ಅಂದಾಜು ಸುಮಾರು 4 ಲಕ್ಷ ವರ್ಷ. ಹೈದರಾಬಾದಿನ ಸಿಸಿಎಂಬಿಯವರೂ ಅದೇ ದಾರಿಯ ಮಾತು ಹೇಳಿದರು. ಆದರೆ ತಾಯಿಯ ಕಡೆ ಮಾತ್ರ ಕೇಳಿ ಇಡೀ ಮನೆತನದ ಕಥೆ ಬರೆಯೋಕಾಗಲ್ಲವಲ್ಲ?

2021ರಲ್ಲಿ ಕ್ಯಾಲಿಫೋರ್ನಿಯಾದ ಯುಸಿ ಡೇವಿಸ್‌ನ ಲಾರೆನ್ ಹೆನ್ನೆಲಿ, ವನ್ಯಜೀವಿ ಸಂಸ್ಥೆಯ ಬಿಲಾಲ್ ಹಬೀಬ್ ಮತ್ತಿತರರು ಭಾರತದ ಮತ್ತು ಟಿಬೆಟಿನ ತೋಳಗಳ ಪೂರ್ತಿ ಜೀನೋಮ್ ಓದಿದರು. ಅವರು ಮಾಡಿದ್ದನ್ನು ಕೌದಿಯ ಲೆಕ್ಕದಲ್ಲಿ ಹೇಳಿದರೆ ಸುಲಭ. ಅವ್ವನ ಸೀರೆ, ಅಪ್ಪನ ಧೋತರ ಕತ್ತರಿಸಿ ಅಜ್ಜಿ ಒಂದು ಕೌದಿ ಹೊಲಿತಾಳೆ ಅನ್ನಿ. ಮುಂದಿನ ತಲೆಮಾರಿನವರು ಅದನ್ನೇ ಕತ್ತರಿಸಿ ಬೇರೆ ಮನೆಯ ಕೌದಿ ತುಂಡಿನ ಜೊತೆ ಹೊಲಿತಾರೆ. ಸಾವಿರಾರು ತಲೆಮಾರು ಹೀಗೇ ನಡೆದರೆ ಯಾವ ತುಂಡು ಯಾರ ಮನೆಯದು ಅಂತ ಹೇಳೋದು ಕಷ್ಟ. ಜೀನೋಮಿನಲ್ಲಿ ಕತ್ತರಿ ಹೆಚ್ಚು ಆಡದ ಜಾಗಗಳೂ ಇರುತ್ತವೆ. ಹಳೆಯ ವಂಶದ ಗುರುತು ಅಲ್ಲಿ ಚೆನ್ನಾಗಿ ಉಳಿದಿರುತ್ತದೆ. ಅಂಥ ಜಾಗಗಳನ್ನೇ ಹಿಡಿದು ನೋಡಿದಾಗ, ಇಂದು ಬದುಕಿರುವ ಬೂದು ತೋಳಗಳ ಮರದಲ್ಲಿ ಭಾರತದ ತೋಳವೇ ಎಲ್ಲಕ್ಕಿಂತ ಕೆಳಗಿನ, ಅಂದರೆ ಎಲ್ಲಕ್ಕಿಂತ ಮೊದಲು ಬೇರೆಯಾದ ಕೊಂಬೆ ಅಂತ ಕಂಡಿತು. ಒಂದೇ ಎಂದುಕೊಂಡಿದ್ದ ಪಶ್ಚಿಮ ಏಷ್ಯಾದ ತೋಳವೂ ಬೇರೆಯೇ ಆಯಿತು. ಇನ್ನು ನಾಯಿ ನಮ್ಮ ತೋಳದ ಮಗನೂ ಅಲ್ಲ. ಈಗ ಅಳಿದುಹೋಗಿರುವ ಯಾವುದೋ ಹಿಮಯುಗದ ತೋಳದಿಂದ ಬಂದದ್ದು ಅದು.

ಅಂದರೆ ಇಲ್ಲಿ ಈ ತೋಳ ಹೋದರೆ ಇನ್ನೊಂದು ದೇಶದಿಂದ ತಂದು ಬಿಡೋಕೆ ಬರಲ್ಲ. 2025ರಲ್ಲಿ ಐಯುಸಿಎನ್ ಭಾರತೀಯ ತೋಳವನ್ನು ಮೊದಲ ಬಾರಿಗೆ ಪ್ರತ್ಯೇಕವಾಗಿ ಪರಿಶೀಲಿಸಿ ಅಪಾಯದ ಪಟ್ಟಿಗೆ ಸೇರಿಸಿತು. ಭಾರತ, ಪಾಕಿಸ್ತಾನ ಎರಡೂ ಸೇರಿ ಅಂದಾಜು 3 ಸಾವಿರ. ನಮ್ಮ ದೇಶದ ಹುಲಿಗಳೇ 2022ರ ಗಣತಿಯಲ್ಲಿ 3,682. ಹುಲಿಗೆ ಸಫಾರಿ, ಜೀಪು, ಕ್ಯಾಮೆರಾ ಎಲ್ಲ ಇವೆ. ತೋಳಕ್ಕೆ ಸರ್ಕಾರಿ ಕಾಗದದಲ್ಲಿ 'ಬೀಳು' ಅಂತ ಬರೆಸಿಕೊಂಡ ನೆಲ ಇದೆ, ಅದೂ ಒಂದೊಂದಾಗಿ ಲೇಔಟು, ಸೋಲಾರ್ ಪ್ಲಾಂಟು ಆಗುತ್ತಿದೆ.

ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಈಚೆಗೆ ತೋಳಧಾಮ ಆಗಿದೆ. (ನಮ್ಮ ಕಡೆಯವರು ಬಂಕಾಪುರ ಅಂದ ಕೂಡಲೇ ಶಿಗ್ಗಾಂವಿ ಹತ್ತಿರದ ನವಿಲುಧಾಮ ಅನ್ಕೋತಾರೆ, ಇದು ಬೇರೆ.) ಒಳ್ಳೆಯ ಕೆಲಸವೇ. ಆದರೆ ಅದರ ವಿಸ್ತೀರ್ಣ ಸುಮಾರು 332 ಹೆಕ್ಟೇರ್, ಅಂದರೆ ಮೂರು ಚದರ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಒಂದು ತೋಳದ ಗುಂಪು ಓಡಾಡಲು ನೂರು ಚದರ ಕಿಲೋಮೀಟರಿಗೂ ಹೆಚ್ಚು ಜಾಗ ಬಳಸುತ್ತದೆ. ಮರಿ ಹಾಕಲು ಧಾಮ ಆದೀತು, ಹೊಟ್ಟೆ ತುಂಬಬೇಕಾದ್ದು ಹೊರಗಿನ ಹೊಲ, ಗುಡ್ಡ, ಕುರಿ ದಾರಿಯಲ್ಲೇ.

ಜೀನ್ ವಿಜ್ಞಾನ ಇಲ್ಲಿ ಕೈಕೆಲಸಕ್ಕೂ ಬರುತ್ತದೆ. ತೋಳ ಹಿಡಿಯಬೇಕಿಲ್ಲ, ಬಿದ್ದ ಮಲ ಸಾಕು. ಹೊರಮೈಗೆ ತೋಳದ ಕರುಳಿನ ಜೀವಕೋಶ ಅಂಟಿರುತ್ತದೆ, ಒಳಗೆ ತಿಂದದ್ದರ ಗುರುತು. ಯಾವ ತೋಳ, ಯಾರ ಸಂಬಂಧಿ, ಕುರಿ ತಿಂದಿತ್ತೋ ಮೊಲ ತಿಂದಿತ್ತೋ, ಎಲ್ಲ ಅದರಲ್ಲೇ. ಬೆರಕೆಯಾಗಿದ್ದರೆ ಮತ್ತೆ ಅದೇ ಕೌದಿ: ನಾಯಿಯ ತುಂಡುಗಳು ದೊಡ್ಡದಿದ್ದರೆ ಬೆರಕೆ ಈಗಿನದು, ಚೂರುಚೂರಾಗಿದ್ದರೆ ಎಷ್ಟೋ ತಲೆಮಾರು ಹಿಂದಿನದು. ಎಲ್ಲಿ ಬೆರಕೆ ಹೊಸದೋ ಅಲ್ಲಿ ಮೊದಲು ಬೀದಿನಾಯಿಗಳಿಗೆ ಸಂತಾನಹರಣ, ಲಸಿಕೆ ಮಾಡಿಸಬೇಕು, ಊರ ಹೊರಗಿನ ಕೋಳಿ ಕಸದ ಗುಡ್ಡೆ ತೆಗೆಸಬೇಕು. ರೇಬೀಸ್, ಡಿಸ್ಟೆಂಪರ್ ರೋಗ ತೋಳಕ್ಕೆ ದಾಟುವುದೂ ಈ ನಾಯಿಗಳಿಂದಲೇ. ಕಸದ ಗುಡ್ಡೆ ತೆಗೆಸೋಕೆ ಲ್ಯಾಬು ಬೇಕಿಲ್ಲ ನೋಡ್ರಿ, ಪಂಚಾಯ್ತಿ ಸಾಕು.

ಮರಿ ಕಳಕೊಂಡವರ ಮಾತು? ಸತ್ತ ಕುರಿಗೆ ಪರಿಹಾರ ಅಂತ ಇದೆ. ಆದರೆ ಡಾಕ್ಟರು ಬಂದು ನೋಡಬೇಕು, ಕಾಗದ ಆಗಬೇಕು. ಹಿಂಡು ಅಷ್ಟು ದಿನ ಒಂದೇ ಕಡೆ ನಿಲ್ಲುವುದಿಲ್ಲ. ತೋಳ ಉಳಿಸುವ ಖರ್ಚನ್ನು ಈ ತನಕ ಹೆಚ್ಚು ಕೊಟ್ಟವರು ಇವರೇ, ರಸೀದಿ ಇಲ್ಲದೆ. ವಿಜ್ಞಾನಿಗಳ ವರದಿಗಳಲ್ಲಿ ಈ ಲೆಕ್ಕ ಇನ್ನಷ್ಟು ಬರಬೇಕು ಅಂತ ನನಗನಿಸುತ್ತದೆ.

ಮೊನ್ನೆ ಊರಿಗೆ ಹೋದಾಗ ಹಿಂಡು ಇನ್ನೂ ಇತ್ತು. ಬೆರಕೆ ತೋಳದ ಫೋಟೋ ಮೊಬೈಲಿನಲ್ಲಿ ತೋರಿಸಿದೆ. ಕಾಕಾ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

"ಇದರಂಗs ಇತ್ತು, ಆದ್ರ ಇದಕ್ಕಿಂತ ಕೆಂಚಗ. ಇನ್ನೊಮ್ಮೆ ಕಂಡ್ರ ಯಾರಿಗೆ ಹೇಳಬೇಕು?"

ಅರಣ್ಯ ಇಲಾಖೆಯ ಸಹಾಯವಾಣಿ 1926 ಅಂದೆ.

"ಬಾಯಾಗ ಹೇಳಿದ್ರ ನೆನಪ ಉಳ್ಯಾಂಗಿಲ್ಲ ತಮ್ಮಾ, ಆ ಕಂಬಳಿ ಚೀಲದಾಗ ಡಬ್ಬಿ ಐತಿ, ಅದರ ಮ್ಯಾಲ ಬರದ ಕೊಡು."