ನೇಮಕಾತಿಗೆ ಅಂತರ್ಜಾಲದ ಪರಿಚಯಗಳು: ಯಾವ ಹುದ್ದೆಗೆ, ಎಷ್ಟರಮಟ್ಟಿಗೆ?

ಸಣ್ಣ ಹಾಗೂ ಮಧ್ಯಮ ಉದ್ದಿಮೆಗಳಲ್ಲಿ ಹುದ್ದೆಯೊಂದು ತೆರವಾದಾಗ ಮಾಲೀಕರು ಮೊದಲು ವಿಚಾರಿಸುವುದು ಬಂಧುಗಳನ್ನು, ಹಳೆಯ ನೌಕರರನ್ನು ಮತ್ತು ಪಕ್ಕದ ಘಟಕದವರನ್ನು. ಈ ಪದ್ಧತಿಯಲ್ಲಿ ನಂಬಿಕೆಗೆ ಕೊರತೆಯಿಲ್ಲ. ಆದರೆ ಒಂದೇ ಬಳಗದೊಳಗೆ ಸುತ್ತುವ ಸುದ್ದಿ ಹೊರಗಿನವರನ್ನು ತಲುಪುವುದಿಲ್ಲ. ರಫ್ತು ವ್ಯವಹಾರ ಬಲ್ಲ ಅಧಿಕಾರಿಯೋ ಗುಣಮಟ್ಟ ವಿಭಾಗದ ಅನುಭವಿ ಎಂಜಿನಿಯರೋ ಬೇಕಾದಾಗ ಈ ಮಿತಿ ಎದ್ದು ಕಾಣುತ್ತದೆ.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಈ ವಿಷಯದಲ್ಲಿ ಇಂದಿಗೂ ಉಲ್ಲೇಖಾರ್ಹ. ಪರಿಚಿತರ ಮೂಲಕ ಕೆಲಸ ಪಡೆದವರನ್ನು ಅವರು ಪ್ರಶ್ನಿಸಿದಾಗ, ಆ ಪರಿಚಿತರನ್ನು ಪದೇ ಪದೇ ಭೇಟಿಯಾಗುತ್ತಿದ್ದೆವು ಎಂದವರು ಕೇವಲ ಶೇ. 16.7ರಷ್ಟು. ಆಗೊಮ್ಮೆ ಈಗೊಮ್ಮೆ ಎಂದವರು ಶೇ. 55.6, ಅಪರೂಪವಾಗಿ ಎಂದವರು ಶೇ. 27.8. ಆಪ್ತರಿಗೆ ತಿಳಿದಿರುವುದು ಬಹುಮಟ್ಟಿಗೆ ನಮಗೂ ತಿಳಿದಿರುತ್ತದೆ. ಹೊಸ ವಿಷಯ ಬರುವುದು ದೂರದ ಪರಿಚಯದಿಂದ ಎಂಬುದು ಅವರ ವಾದ.

2003ರ ಮೇ ತಿಂಗಳಲ್ಲಿ ಆರಂಭವಾದ ಲಿಂಕ್ಡ್‌ಇನ್ ಜಾಲತಾಣವು ಇಂತಹ ದೂರದ ಪರಿಚಯಗಳನ್ನೇ ಕಣ್ಣಿಗೆ ಕಾಣುವಂತೆ ಮಾಡಿತು. ನಮ್ಮ ಪರಿಚಿತರಿಗೆ ಯಾರ ಪರಿಚಯವಿದೆ ಎಂಬುದು ಅಲ್ಲಿ ತಿಳಿಯುತ್ತದೆ. ನಡುವಿನವರ ಮೂಲಕ ಮಾತು ಆರಂಭಿಸಬಹುದು. 2016ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಇದನ್ನು 2,620 ಕೋಟಿ ಡಾಲರ್‌ಗಳಿಗೆ ಕೊಳ್ಳಲು ಮುಂದಾದದ್ದು ಈ ಪರಿಚಯಗಳ ಬೆಲೆಯನ್ನು ಸೂಚಿಸುತ್ತದೆ.

ಇದೇ ಜಾಲದ ಸುಮಾರು 2 ಕೋಟಿ ಬಳಕೆದಾರರನ್ನು ಒಳಗೊಂಡ ಅಧ್ಯಯನವೊಂದು 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಉದ್ಯೋಗ ಬದಲಾವಣೆಗೆ ಹೆಚ್ಚು ನೆರವಾದದ್ದು ತೀರಾ ಆಪ್ತರೂ ಅಲ್ಲ, ತೀರಾ ಅಪರಿಚಿತರೂ ಅಲ್ಲ, ಮಧ್ಯಮ ಪರಿಚಯದವರು. ನಮ್ಮ ಸದಸ್ಯರು ಗಮನಿಸಬೇಕಾದ ಅಂಶ ಇನ್ನೊಂದಿದೆ. ಗಣಕೀಕರಣ ಹೆಚ್ಚಾಗಿರುವ ಉದ್ಯಮಗಳಲ್ಲಿ ದೂರದ ಪರಿಚಯ ಫಲ ನೀಡಿದರೆ, ಅದು ಕಡಿಮೆ ಇರುವ ಉದ್ಯಮಗಳಲ್ಲಿ ಆಪ್ತ ಪರಿಚಯವೇ ಮೇಲಾಗಿ ಕಂಡುಬಂದಿತು. ಆದ್ದರಿಂದ ಪೀಣ್ಯದ ಘಟಕವೊಂದಕ್ಕೆ ಫಿಟ್ಟರ್ ಅಥವಾ ವೆಲ್ಡರ್ ಬೇಕಾದರೆ ಈಗಿರುವ ಕಾರ್ಮಿಕರನ್ನೂ ಸಮೀಪದ ಐ.ಟಿ.ಐ.ಯನ್ನೂ ವಿಚಾರಿಸುವುದೇ ಲೇಸು. ಕೇಂದ್ರ ಕಾರ್ಮಿಕ ಸಚಿವಾಲಯವು 2015ರಲ್ಲಿ ಆರಂಭಿಸಿದ ನ್ಯಾಷನಲ್ ಕೆರಿಯರ್ ಸರ್ವಿಸ್ ತಾಣದಲ್ಲಿ ಹುದ್ದೆಗಳನ್ನು ಉಚಿತವಾಗಿ ಪ್ರಕಟಿಸಲೂಬಹುದು. ವಿನ್ಯಾಸ, ಮಾರುಕಟ್ಟೆ, ರಫ್ತು, ಹಣಕಾಸು ವಿಭಾಗಗಳಿಗೆ ಮಾತ್ರ ಅಂತರ್ಜಾಲದ ಸಂಪರ್ಕಕ್ಕೆ ಸಮಯ ವ್ಯಯಿಸುವುದು ಸಾರ್ಥಕ.

ಹುದ್ದೆ ತೆರವಾದ ದಿನವೇ ಖಾತೆ ತೆರೆದು ಜಾಹೀರಾತು ಹಾಕಿದರೆ ಪ್ರಯೋಜನ ಅಲ್ಪ. ಗ್ರಾಹಕರು, ಸರಬರಾಜುದಾರರು, ವಸ್ತುಪ್ರದರ್ಶನಗಳಲ್ಲಿ ಭೇಟಿಯಾದವರು, ಸೌಹಾರ್ದದಿಂದ ಕೆಲಸ ಬಿಟ್ಟುಹೋದ ನೌಕರರು, ಇವರೆಲ್ಲರ ಸಂಪರ್ಕವನ್ನು ಮೊದಲಿನಿಂದಲೇ ಬೆಳೆಸಿಕೊಂಡಿರಬೇಕು. ಹಳೆಯ ನೌಕರರನ್ನು ನಮ್ಮವರು ಸಾಮಾನ್ಯವಾಗಿ ಮರೆತುಬಿಡುತ್ತಾರೆ. ವಾಸ್ತವವಾಗಿ ನಮ್ಮ ಕೆಲಸದ ರೀತಿಯನ್ನೂ ಹೊರಗಿನ ಮಾರುಕಟ್ಟೆಯನ್ನೂ ಬಲ್ಲವರು ಅವರೇ. ಸಂದೇಶ ಕಳುಹಿಸುವಾಗ ಹುದ್ದೆ, ಸ್ಥಳ ಮತ್ತು ಅಂದಾಜು ವೇತನವನ್ನು ಸ್ಪಷ್ಟವಾಗಿ ತಿಳಿಸುವುದು ಒಳ್ಳೆಯದು. 'ಒಳ್ಳೆಯ ಅವಕಾಶವಿದೆ' ಎಂಬ ಒಂದು ಸಾಲಿನ ಸಂದೇಶಕ್ಕೆ ಅನುಭವಿಗಳು ಉತ್ತರಿಸುವುದು ವಿರಳ.

ಜಾಲತಾಣದ ಸ್ವವಿವರವು ಅಭ್ಯರ್ಥಿಯೇ ಬರೆದದ್ದು ಎಂಬುದು ನೆನಪಿರಲಿ. ಅಲ್ಲಿನ ಶಿಫಾರಸುಗಳು ಎಲ್ಲರೂ ಓದುವಂತಹವಾದ್ದರಿಂದ ಅವುಗಳಲ್ಲಿ ಹೊಗಳಿಕೆಯ ಹೊರತು ಬೇರೇನೂ ಸಿಗದು. ಹಿಂದಿನ ಮೇಲಧಿಕಾರಿಯೊಡನೆ ದೂರವಾಣಿಯಲ್ಲಿ ಹತ್ತು ನಿಮಿಷ ಮಾತನಾಡುವುದು ಇವೆಲ್ಲಕ್ಕಿಂತ ಉಪಯುಕ್ತ. ಆದರೆ ಅಭ್ಯರ್ಥಿ ಇನ್ನೂ ಕೆಲಸದಲ್ಲಿರುವ ಸಂಸ್ಥೆಯನ್ನು ಅವರ ಒಪ್ಪಿಗೆಯಿಲ್ಲದೆ ಸಂಪರ್ಕಿಸಿದರೆ ಅವರ ಜೀವನೋಪಾಯಕ್ಕೇ ಕುತ್ತು ಬರಬಹುದು. ಭವಿಷ್ಯನಿಧಿಯ ಸದಸ್ಯರಾಗಿದ್ದಲ್ಲಿ, ಯು.ಎ.ಎನ್. ಖಾತೆಯ ಸೇವಾ ವಿವರವನ್ನು ಅವರಿಂದಲೇ ಕೇಳಿ ಪಡೆದು ಹಿಂದಿನ ಸೇವಾವಧಿಯನ್ನು ತಾಳೆ ನೋಡಬಹುದು.

ನಾವು ಬೇರೆಡೆಯ ಎಂಜಿನಿಯರರನ್ನು ಕಾಣುವಂತೆಯೇ ನಮ್ಮ ಎಂಜಿನಿಯರರು ಪ್ರತಿಸ್ಪರ್ಧಿಗಳಿಗೂ ಕಾಣುತ್ತಾರೆ. ಖಾತೆ ತೆರೆಯದಂತೆ ನೌಕರರನ್ನು ತಡೆಯಲು ಹೊರಡುವುದು ನಿರರ್ಥಕ. ಮಾರುಕಟ್ಟೆಯ ವೇತನವನ್ನು ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಿ ತಕ್ಕ ಕ್ರಮ ಕೈಗೊಳ್ಳುವುದು ಹೆಚ್ಚು ಫಲಕಾರಿ.

ಸಂಸ್ಥೆಗಳ ಹೆಸರಿನಲ್ಲಿ ನಕಲಿ ಖಾತೆ ತೆರೆದು ನಿರುದ್ಯೋಗಿ ಯುವಕರಿಂದ ಹಣ ವಸೂಲು ಮಾಡುವ ವಂಚನೆಗಳೂ ನಡೆಯುತ್ತಿವೆ. ನೇಮಕಾತಿಗೆ ಯಾವುದೇ ಶುಲ್ಕ ಪಡೆಯುವುದಿಲ್ಲವೆಂಬ ಪ್ರಕಟಣೆಯನ್ನು, ವಿಚಾರಿಸಬೇಕಾದ ಕಚೇರಿ ದೂರವಾಣಿ ಸಂಖ್ಯೆಯೊಡನೆ, ಸದಸ್ಯ ಸಂಸ್ಥೆಗಳು ತಮ್ಮ ಪುಟದಲ್ಲಿ ಕನ್ನಡದಲ್ಲಿಯೂ ಹಾಕುವುದು ಅಗತ್ಯ.