ನೆಗಡಿಗೆ ಗುಳಿಗೆ ಉಂಟು, ಕೈಗೆ ನೀರಿಲ್ಲ!

ಆಷಾಢದ ಗಾಳಿ ಬೀಸಲು ಶುರುವಾಯಿತೆಂದರೆ ನಮ್ಮ ದಾವಣಗೆರೆಯಲ್ಲಿ ಎರಡು ವ್ಯಾಪಾರ ಜೋರು. ಒಂದು ಮಂಡಕ್ಕಿ-ಮಿರ್ಚಿ, ಇನ್ನೊಂದು ನೆಗಡಿ ಗುಳಿಗೆ. ಮೊದಲನೆಯದರ ಬಗ್ಗೆ ಯಾರ ತಕರಾರೂ ಇಲ್ಲ. ಎರಡನೆಯದರ ಬಗ್ಗೆ ನಾಲ್ಕು ಮಾತು ಬರೆಯಲೇಬೇಕಾಗಿದೆ.

ಸಂಜೆ ಏಳರ ಹೊತ್ತಿಗೆ ಯಾವುದಾದರೂ ಔಷಧಿ ಅಂಗಡಿ ಮುಂದೆ ಹತ್ತು ನಿಮಿಷ ನಿಂತು ನೋಡಿ. "ಅಣ್ಣಾರೆ, ಥಂಡಿ ಆಗೈತಿ, ಎರಡು ದಿನಕ್ಕೆ ಗುಳಿಗೆ ಕೊಡ್ರಿ" ಎನ್ನುವವರ ಸಾಲೇ ಸಾಲು. ಚೀಟಿ ಇಲ್ಲ, ಡಾಕ್ಟರ ಸುದ್ದಿ ಮೊದಲೇ ಇಲ್ಲ. ಒಂದು ಬಿಳಿ, ಒಂದು ಹಳದಿ, ಜೊತೆಗೊಂದು ಕ್ಯಾಪ್ಸೂಲು, ಮೇಲೊಂದು ಕಾಗದದ ಪೊಟ್ಟಣ. ವಾರ ಕಳೆಯುವಷ್ಟರಲ್ಲಿ ನೆಗಡಿ ಹೋಗುತ್ತದೆ, ಗುಳಿಗೆಗೆ ಹೆಸರು ಬರುತ್ತದೆ. ನೆಗಡಿ ತನ್ನಷ್ಟಕ್ಕೆ ತಾನೇ ಹೋಯಿತು ಎಂಬ ಸಂಗತಿ ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ.

"ಮದ್ದು ಮಾಡಿದರೆ ಏಳು ದಿನ, ಮಾಡದಿದ್ದರೆ ಒಂದು ವಾರ" ಎಂಬ ಹಳೇ ಮಾತು ಬರೀ ತಮಾಷೆಯಲ್ಲ. ಇಂದಿನ ವೈದ್ಯರು ಹೇಳುವುದೂ ಹೆಚ್ಚುಕಡಿಮೆ ಅದನ್ನೇ. ನೆಗಡಿ ತರುವ ವೈರಸ್ಸುಗಳು ಒಂದೆರಡಲ್ಲ, 200ಕ್ಕೂ ಹೆಚ್ಚು. ಅವುಗಳಲ್ಲಿ ರೈನೋವೈರಸ್ ಎಂಬ ಒಂದೇ ಕುಲದಲ್ಲಿ ನೂರಕ್ಕೂ ಮೀರಿ ಬಗೆಗಳಿವೆ. ಒಂದರ ಗುರುತು ಹಿಡಿದು ಶರೀರ ಸಜ್ಜಾಗುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ಆದ್ದರಿಂದಲೇ ದೊಡ್ಡವರಿಗೆ ವರ್ಷಕ್ಕೆ ಎರಡು ಮೂರು ಸಲ, ಸಣ್ಣ ಮಕ್ಕಳಿಗೆ ಆರೆಂಟು ಸಲ ನೆಗಡಿ. ಇದಕ್ಕೆ ಲಸಿಕೆ ಇಲ್ಲ, ಬೇರು ಸಮೇತ ಕೀಳುವ ಮದ್ದೂ ಇಲ್ಲ. ಇರುವುದು ತಡೆ ಒಂದೇ. ಆ ತಡೆಗೆ ಬೇಕಾದ್ದು ನೀರು, ಸೋಪು, ಗಾಳಿ ಮತ್ತು ನಿದ್ದೆ. ಇವಿಷ್ಟೂ ಜನರಿಗೆ ಸಿಗುತ್ತಿವೆಯೇ ಎಂಬುದೇ ಈ ಹೊತ್ತಿನ ಪ್ರಶ್ನೆ.

ಬಾಳೆಹಣ್ಣಿನ ಮೇಲೆ ಅಪವಾದ

ಮನೆಯಲ್ಲಿ ಒಬ್ಬರು ಸೀನಿದರೆ ಸಾಕು, ಪಂಚಾಯ್ತಿ ಸೇರುತ್ತದೆ. "ರಾತ್ರಿ ಮೊಸರು ಉಂಡಿದ್ದ", "ಬಾಳೆಹಣ್ಣು ತಿಂದಿದ್ದ", "ತಲೆ ಒರೆಸ್ಕೊಳ್ಳಲಿಲ್ಲ, ಅದಕ್ಕೇ ಬಂತು ನೋಡು" ಎಂದು ತೀರ್ಪೂ ಆಗಿಬಿಡುತ್ತದೆ. ಪಾಪ, ಬಾಳೆಹಣ್ಣಿನ ಪರವಾಗಿ ವಕಾಲತ್ತು ವಹಿಸುವವರೇ ಇಲ್ಲ.

ಇಂಗ್ಲೆಂಡಿನ ಸಾಲ್ಸ್‌ಬರಿ ಎಂಬ ಊರಿನಲ್ಲಿ 1946ರಿಂದ ನಾಲ್ಕು ದಶಕಕ್ಕೂ ಹೆಚ್ಚು ಕಾಲ ನೆಗಡಿಗೆಂದೇ ಒಂದು ಸಂಶೋಧನಾ ಕೇಂದ್ರ ನಡೆಯಿತು. ಅಲ್ಲಿ ಸ್ವಇಚ್ಛೆಯಿಂದ ಬಂದವರಿಗೆ ಬಿಸಿನೀರು ಸ್ನಾನ ಮಾಡಿಸಿ, ಒದ್ದೆ ಬಟ್ಟೆಯಲ್ಲೇ ಗಾಳಿ ಬೀಸುವ ಪಡಸಾಲೆಯಲ್ಲಿ ಅರ್ಧ ಗಂಟೆ ನಿಲ್ಲಿಸಿದರು. ಆಮೇಲೆ ಒದ್ದೆ ಕಾಲುಚೀಲವನ್ನೂ ಹಾಕಿಸಿದರು. ಚಳಿಗೆ ಗಡಗಡ ನಡುಗಿದ್ದೇ ಬಂತು, ವೈರಸ್ ತಗಲದೆ ಬರೀ ಚಳಿಯಿಂದ ನೆಗಡಿ ಹುಟ್ಟಲಿಲ್ಲ.

ಹಾಗಂತ ಅಜ್ಜಿ ಮಾತನ್ನು ಪೂರ್ತಿ ತಳ್ಳಿಹಾಕುವ ಹಾಗೂ ಇಲ್ಲ. 2005ರಲ್ಲಿ ಬ್ರಿಟನ್ನಿನದೇ ಕಾರ್ಡಿಫ್ ವಿಶ್ವವಿದ್ಯಾಲಯದವರು 90 ಜನರ ಕಾಲನ್ನು 20 ನಿಮಿಷ ತಣ್ಣೀರಿನಲ್ಲಿ ಇಡಿಸಿದರು. ಇನ್ನು 90 ಜನರನ್ನು ಖಾಲಿ ಬೋಗುಣಿಯಲ್ಲಿ ಕಾಲಿಡಿಸಿ ಕೂಡಿಸಿದರು. ನಾಲ್ಕೈದು ದಿನದೊಳಗೆ ತಣ್ಣೀರಿನವರಲ್ಲಿ ನೂರಕ್ಕೆ 29 ಜನ ನೆಗಡಿಯ ಲಕ್ಷಣ ಹೇಳಿದರು, ಉಳಿದವರಲ್ಲಿ ನೂರಕ್ಕೆ 9 ಜನ. ಒಳಗೆ ಮೊದಲೇ ಅಡಗಿದ್ದ ವೈರಸ್ಸಿಗೆ ಚಳಿ ದಾರಿ ಮಾಡಿಕೊಟ್ಟಿರಬಹುದು ಎಂಬುದು ಅವರ ಊಹೆ. ಅಂದರೆ ತಲೆ ಒರೆಸಿಕೊಳ್ಳುವುದು ಒಳ್ಳೆಯದೇ. ಆದರೆ ಬೀಜ ಬೀಳದೆ ಪೈರಿಲ್ಲ. ಆ ಬೀಜ ಬರುವುದು ಇನ್ನೊಬ್ಬರ ಮೂಗು ಬಾಯಿಂದ.

ಇಸ್ಪೀಟಾಟದ ಪರೀಕ್ಷೆ

ಹೇಗೆ ಬರುತ್ತದೆ? ಕೈಯಿಂದಲೋ, ಗಾಳಿಯಿಂದಲೋ? ಈ ಬಗ್ಗೆ ವಿಜ್ಞಾನಿಗಳಲ್ಲೇ ದೊಡ್ಡ ಜಗಳವಿತ್ತು. ಅಮೆರಿಕದ ವರ್ಜೀನಿಯಾದವರು 1970ರ ದಶಕದಲ್ಲಿ ಕೈ ಎಂದು ತೋರಿಸಿದರು. ನೆಗಡಿಯಾದವನು ಮೂಗು ಒರೆಸಿಕೊಳ್ಳುತ್ತಾನೆ, ಆ ಕೈ ಇನ್ನೊಬ್ಬರ ಕೈಗೆ ತಗಲುತ್ತದೆ, ಅವರು ತಮ್ಮ ಮೂಗನ್ನೋ ಕಣ್ಣನ್ನೋ ಮುಟ್ಟಿಕೊಳ್ಳುತ್ತಾರೆ, ಕೆಲಸ ಕೆಟ್ಟಿತು!

ವಿಸ್ಕಾನ್ಸಿನ್‌ನವರು ಸುಮ್ಮನಾಗಲಿಲ್ಲ. ನೆಗಡಿಯಾದವರನ್ನೂ ಆಗದವರನ್ನೂ ಒಂದೇ ಕೋಣೆಯಲ್ಲಿ ಕೂಡಿಸಿ 12 ಗಂಟೆ ಇಸ್ಪೀಟಾಡಿಸಿದರು. ಆರೋಗ್ಯವಂತರಲ್ಲಿ ಅರ್ಧ ಜನಕ್ಕೆ ಮುಖ ಮುಟ್ಟಿಕೊಳ್ಳಲು ಬಾರದಂತೆ ಕೈಗೆ, ಕುತ್ತಿಗೆಗೆ ಪಟ್ಟಿ ಕಟ್ಟಿದ್ದರು. ಆದರೂ ಎರಡೂ ಗುಂಪಿನವರಿಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ನೆಗಡಿ ಹತ್ತಿತು. ಅದೇ ಸಿಂಬಳ ಹತ್ತಿದ ಎಲೆಗಳನ್ನು ಬೇರೆ ಕೋಣೆಗೆ ಕೊಟ್ಟು 12 ಜನರಿಂದ ಆಡಿಸಿದರೆ ಒಬ್ಬರಿಗೂ ಬರಲಿಲ್ಲ. ಈ ವರದಿ 1987ರಲ್ಲಿ ಪ್ರಕಟವಾಯಿತು.

ಎರಡನ್ನೂ ಸೇರಿಸಿ ಓದಿದರೆ ನಮಗೆ ಬೇಕಾದ ಪಾಠ ಸಿಕ್ಕಿತು. ಕೈಯೂ ತೊಳೆಯಬೇಕು, ಕಿಟಕಿಯೂ ತೆರೆಯಬೇಕು. ಒಂದು ಮಾಡಿ ಇನ್ನೊಂದು ಬಿಟ್ಟರೆ ಅರ್ಧ ಕೆಲಸ. ನಮ್ಮಲ್ಲಿ ಮಳೆಗಾಲಕ್ಕೆ ನೆಗಡಿ ಹೆಚ್ಚಾಗಲು ಇದೂ ಒಂದು ಕಾರಣ. ಮಳೆ ಬಂತೆಂದು ಬಸ್ಸಿನ ಗಾಜು ಬಂದ್, ಶಾಲೆಯ ಕಿಟಕಿ ಬಂದ್, ಮನೆ ಬಾಗಿಲೂ ಬಂದ್. ಒಳಗೆ ಒಬ್ಬ ಸೀನಿದರೆ ಎಲ್ಲರಿಗೂ ಪ್ರಸಾದ.

ಇನ್ನು ಕೈಯ ಕಥೆ ಕೇಳುವುದೇ ಬೇಡ. ಬಸ್ಸಿನ ಕಂಬಿ, ಚಿಲ್ಲರೆ ಕಾಸು, ಮನೆಮಂದಿಯೆಲ್ಲ ನೋಡುವ ಮೊಬೈಲು. ಟಿಕೆಟ್ಟಿಗೆ ಮಿಷನ್ನು ಬಂದರೂ ನೋಟೆಣಿಸಲು ಬೆರಳಿಗೆ ಎಂಜಲು ಹಚ್ಚುವ ಚಟ ನಮ್ಮನ್ನು ಬಿಟ್ಟಿಲ್ಲ. ಸಂಜೆ ನಾಲ್ಕು ಜನ ಗೆಳೆಯರು ಸೇರಿ ಒಂದೇ ಪೇಪರಿನ ಮೇಲೆ ಮಂಡಕ್ಕಿ ಗುಡ್ಡೆ ಹಾಕಿಕೊಂಡು ಕೂರುತ್ತಾರೆ. ನಾಲ್ಕು ಕೈ ಒಂದೇ ಗುಡ್ಡೆಗೆ. ಅದರಲ್ಲೊಬ್ಬ ಈಗಷ್ಟೇ ಮೂಗು ಸೀಟಿ ಬಂದವ! ಆ ಪೇಪರು ನಮ್ಮದೇ ಆಗಿದ್ದರೂ ಆಶ್ಚರ್ಯವಿಲ್ಲ.

ಗುಳಿಗೆಯಿಂದ ಆಗುವ ಹಾನಿ

"ಅಲ್ರೀ, ಹತ್ತಿಪ್ಪತ್ತು ರೂಪಾಯಿ ಗುಳಿಗೆಯಿಂದ ಏನು ಮಹಾ ಆಗ್ತೈತಿ?" ಎಂದು ಕೇಳುವವರಿದ್ದಾರೆ. ಆಗುತ್ತದೆ. ಆಂಟಿಬಯೋಟಿಕ್ ಎಂಬುದು ಬ್ಯಾಕ್ಟೀರಿಯಾ ಕೊಲ್ಲುವ ಮದ್ದು. ನೆಗಡಿ ತರುವ ವೈರಸ್ಸಿಗೆ ಅದು ಏನೂ ಮಾಡದು. ಸಿಂಬಳ ಹಳದಿ ಅಥವಾ ಹಸಿರಾದ ಮಾತ್ರಕ್ಕೆ ಆಂಟಿಬಯೋಟಿಕ್ ಬೇಕೆಂದೂ ಇಲ್ಲ. ಬೇಡದ ಕಡೆ ಎರಡು ದಿನ ನುಂಗಿ ಬಿಟ್ಟರೆ ಬ್ಯಾಕ್ಟೀರಿಯಾಗಳು ಆ ಮದ್ದಿಗೆ ಬಗ್ಗದಂತೆ ಗಟ್ಟಿಯಾಗುತ್ತವೆ. ನಾಳೆ ಅದೇ ಮನೆಯಲ್ಲಿ ಮಗುವಿಗೋ ಮುದುಕರಿಗೋ ನ್ಯುಮೋನಿಯಾ ಆದಾಗ ಮದ್ದು ನಾಟುವುದಿಲ್ಲ.

ಡಾಕ್ಟರ ಚೀಟಿ ಇಲ್ಲದೆ ಇವನ್ನು ಮಾರಕೂಡದೆಂದು ಕಾನೂನೇ ಇದೆ. ಪಟ್ಟಿಯ ಹಿಂದೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಚೀಟಿ ಬೇಕು ಎಂದರ್ಥ. ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿ ಈ ಗೆರೆಯ ಬಗ್ಗೆ ಪ್ರಚಾರವನ್ನೂ ಮಾಡಿತು. ಮುಂದಿನ ಸಲ ಗುಳಿಗೆ ಕೊಳ್ಳುವಾಗ ಪಟ್ಟಿ ತಿರುಗಿಸಿ ನೋಡಿ.

ಮಕ್ಕಳ ವಿಷಯವಂತೂ ಇನ್ನೂ ಗಂಭೀರ. 2025ರ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಕಡೆ ಕೆಮ್ಮಿನ ಸಿರಪ್ಪು ಕುಡಿದು ಮೂತ್ರಪಿಂಡ ಕೆಟ್ಟು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ತೀರಿಕೊಂಡವು. ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತಿತ್ತು. ಸಾಧಾರಣ ನೆಗಡಿ-ಕೆಮ್ಮಿಗೆ ಹೋದ ಜೀವಗಳು ಅವು. ಅದೇ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಎರಡು ವರ್ಷದೊಳಗಿನ ಮಕ್ಕಳಿಗೆ ನೆಗಡಿ-ಕೆಮ್ಮಿನ ಔಷಧಿ ಬರೆಯಲೇಬಾರದು, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಬೇಡ ಎಂದು ತಿಳಿಸಿತು. ಅಣ್ಣನಿಗೆ ತಂದ ಸಿರಪ್ಪಿನಲ್ಲಿ ಉಳಿದದ್ದನ್ನು ತಮ್ಮನಿಗೆ ಕುಡಿಸುವ ತಾಯಂದಿರು ದಯವಿಟ್ಟು ಇದನ್ನು ಎರಡು ಸಲ ಓದಬೇಕು.

ಮನೆಯಲ್ಲಿ ಮಾಡುವುದು, ಬಿಡುವುದು

ಮೆಣಸು-ಜೀರಿಗೆ ಕಷಾಯ ಕುಡಿಯಲು ಯಾವ ಅಡ್ಡಿಯೂ ಇಲ್ಲ. ವೈರಸ್ ಸಾಯದಿದ್ದರೂ ಗಂಟಲಿಗೆ ಹಿತ, ಜೀವಕ್ಕೆ ಸಮಾಧಾನ. ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸಿ. ಕೆಮ್ಮಿಗೆ ಜೇನುತುಪ್ಪ ಒಳ್ಳೆಯದು, ಆದರೆ ಒಂದು ವರ್ಷದೊಳಗಿನ ಕೂಸಿಗೆ ಒಂದು ತೊಟ್ಟೂ ಬೇಡ, ಅಪಾಯ. ಕೂಸಿನ ಮೂಗಿಗೆ ಎಣ್ಣೆ ಬಿಡುವ ಪದ್ಧತಿಯನ್ನಂತೂ ಇಂದೇ ನಿಲ್ಲಿಸಿ. ಎಣ್ಣೆ ಪುಪ್ಪುಸಕ್ಕೆ ಇಳಿದರೆ ಅದೇ ದೊಡ್ಡ ರೋಗ. ಕುದಿಯುವ ನೀರಿನ ಪಾತ್ರೆ ಮುಂದೆ ಮಗುವನ್ನು ಕೂರಿಸಿ ಹಬೆ ಕೊಡಬೇಡಿ. ಪಾತ್ರೆ ಮಗುಚಿ ಸುಟ್ಟ ಗಾಯ ನೆಗಡಿಯಂತೆ ವಾರದಲ್ಲಿ ಹೋಗುವುದಿಲ್ಲ.

ನಿದ್ದೆ ಕೆಡಬೇಡಿ. ಅಮೆರಿಕದಲ್ಲಿ 153 ಜನರ ಮೂಗಿಗೆ ನೆಗಡಿ ವೈರಸ್ ಬಿಟ್ಟು ನೋಡಿದ ಪರೀಕ್ಷೆಯೊಂದು 2009ರಲ್ಲಿ ಪ್ರಕಟವಾಯಿತು. ಎಂಟು ಗಂಟೆ ಮಲಗುವವರಿಗಿಂತ ಏಳು ಗಂಟೆಗೂ ಕಡಿಮೆ ಮಲಗುವವರಿಗೆ ನೆಗಡಿ ಹತ್ತುವ ಸಂಭವ ಸುಮಾರು ಮೂರು ಪಟ್ಟು ಹೆಚ್ಚಿತ್ತು. ರಾತ್ರಿ ಒಂದು ಗಂಟೆವರೆಗೆ ಮೊಬೈಲು ಉಜ್ಜಿ ಬೆಳಿಗ್ಗೆ ಗುಳಿಗೆ ನುಂಗುವ ಹುಡುಗರು ಗಮನಿಸಲಿ. ಬೀಡಿ-ಸಿಗರೇಟು ಮತ್ತು ಒಲೆ ಹೊಗೆ ಎರಡೂ ಎದೆಯ ಶತ್ರುಗಳು.

ಸೀನು ಬಂದರೆ ಅಂಗೈ ಒಡ್ಡುವ ಬದಲು ಮೊಣಕೈ ಮಡಿಸಿ ಅಡ್ಡ ಹಿಡಿಯಿರಿ, ಇಲ್ಲವೇ ಕರವಸ್ತ್ರ ಬಳಸಿ. ಊಟಕ್ಕೆ ಮೊದಲು, ಮೂಗು ಸೀಟಿದ ಮೇಲೆ, ಹೊರಗಿನಿಂದ ಬಂದ ಕೂಡಲೇ ಸೋಪಿನಿಂದ ಇಪ್ಪತ್ತು ಎಣಿಸುವಷ್ಟು ಹೊತ್ತು ಕೈ ಉಜ್ಜಿ ತೊಳೆಯಿರಿ. ನೆಗಡಿಯಾದವರು ಮನೆಯಲ್ಲೇ ಎರಡು ದಿನ ಇದ್ದರೆ ಉತ್ತಮ. ಆದರೆ ಈ ಮಾತನ್ನು ಹಮಾಲಿ ಅಣ್ಣನಿಗೆ, ಮನೆಗೆಲಸದ ಅಕ್ಕನಿಗೆ ಹೇಳುವುದು ಹೇಗೆ? ರಜೆ ಹಾಕಿದರೆ ಅವತ್ತಿನ ಕೂಲಿ ಇಲ್ಲ. ಕೆಲಸ ಕೊಟ್ಟವರು ಎರಡು ದಿನದ ಸಂಬಳ ಹಿಡಿಯದಿದ್ದರೆ ಅವರ ಮನೆಗೇ ನೆಗಡಿ ಬರುವುದು ತಪ್ಪುತ್ತದೆ.

ಎಲ್ಲವನ್ನೂ ನೆಗಡಿ ಎಂದು ತಳ್ಳಬೇಡಿ. ಮಗು ಸುಮ್ಮನೆ ಇರುವಾಗ ನಿಮಿಷಕ್ಕೆ ಉಸಿರು ಎಣಿಸಿ. ಎರಡು ತಿಂಗಳಿಂದ ವರ್ಷದೊಳಗಿನ ಕೂಸಿಗೆ 50 ಮುಟ್ಟಿದರೆ, ವರ್ಷದಿಂದ ಐದು ವರ್ಷದವರಿಗೆ 40 ಮುಟ್ಟಿದರೆ, ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಹಾಲು ಕುಡಿಯದಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಓಡಿ. ಎರಡು ತಿಂಗಳೂ ತುಂಬದ ಕೂಸಾದರೆ ಸಣ್ಣ ತೊಂದರೆಗೂ ಡಾಕ್ಟರಿಗೆ ತೋರಿಸಿ. ದೊಡ್ಡವರಿಗೆ ಎರಡು ವಾರ ಮೀರಿದ ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆ, ಚಿಕಿತ್ಸೆ ಎರಡೂ ಉಚಿತ.

ನಲ್ಲಿ ಎಲ್ಲಿ ಸ್ವಾಮಿ?

ಇಷ್ಟೆಲ್ಲ ಓದಿ ಯಾರಾದರೂ ಕೈ ತೊಳೆಯಲು ಹೊರಟರೆ ಮುಂದಿನ ಪ್ರಶ್ನೆ ಎದುರಾಗುತ್ತದೆ. ಎಲ್ಲಿ ತೊಳೆಯಬೇಕು?

2020ರ ಕೊರೋನಾ ಕಾಲ ನೆನಪಿಸಿಕೊಳ್ಳಿ. ಅಂಗಡಿ ಅಂಗಡಿಯ ಬಾಗಿಲಿಗೆ ನೀರಿನ ಡ್ರಮ್ಮು, ಕಾಲಲ್ಲಿ ಒತ್ತುವ ನಲ್ಲಿ, ದಾರದಲ್ಲಿ ಕಟ್ಟಿದ ಸೋಪು. ನಮ್ಮ ಜನಕ್ಕೆ ಶಿಸ್ತು ಬರುವುದಿಲ್ಲ ಎನ್ನುತ್ತಿದ್ದವರ ಬಾಯಿ ಮುಚ್ಚಿಸಿದ ದಿನಗಳವು. ರೋಗದ ಭಯ ಇಳಿಯಿತು, ಡ್ರಮ್ಮು ಗುಜರಿಗೆ ಹೋಯಿತು.

ಈಗ ಬಸ್ ನಿಲ್ದಾಣಕ್ಕೆ ಹೋಗಿ ನೋಡಿ. ಯಾವ ಊರಿನ ಯಾವ ನಿಲ್ದಾಣ ಎಂದು ಬರೆಯುವುದು ಬೇಡ, ಓದುಗರು ತಮ್ಮ ತಮ್ಮ ಊರಿನದನ್ನೇ ಪರೀಕ್ಷಿಸಲಿ. ಬೇಸಿನ್ ಇದ್ದರೆ ನಲ್ಲಿ ಇಲ್ಲ, ನಲ್ಲಿ ಇದ್ದರೆ ನೀರಿಲ್ಲ, ನೀರಿದ್ದರೆ ಸೋಪಿನ ಮಾತೆತ್ತಬೇಡಿ. ಶಾಲೆಯಲ್ಲಿ ಬಿಸಿಯೂಟಕ್ಕೆ ಕುಳಿತ ಮಕ್ಕಳ ಅಂಗೈ ನೋಡಿ. 2008ರಿಂದ ಪ್ರತಿ ಅಕ್ಟೋಬರ್ 15ರಂದು ಜಾಗತಿಕ ಕೈ ತೊಳೆಯುವ ದಿನ ಆಚರಿಸುತ್ತಾರೆ. ಆ ದಿನ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದದ್ದಾಯಿತು. ಎಷ್ಟೋ ಕಡೆ ಮರುದಿನ ಸೋಪು ಬೀರುವಿಗೆ, ಬೀಗದ ಕೈ ಹೆಡ್ ಮಾಸ್ತರರ ಜೇಬಿಗೆ.

ಇದಕ್ಕೇನೂ ಕೋಟಿ ರೂಪಾಯಿ ಯೋಜನೆ ಬೇಡ. ನೀರಿನ ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ, ಒಂದೆರಡು ಚಮಚ ಬಟ್ಟೆ ಸೋಪಿನ ಪುಡಿ ಕರಗಿಸಿ ನಲ್ಲಿಗೆ ಕಟ್ಟಿದರೆ ಕದ್ದೊಯ್ಯುವವರೂ ಇಲ್ಲ, ಖರ್ಚೂ ಇಲ್ಲ. ಹೋಟೆಲಿನವರು ಬೇಸಿನ್ ಹತ್ತಿರ ಸೋಪಿಡಲಿ. ಖಾನಾವಳಿಯ ಒಂದೇ ಒದ್ದೆ ಟವೆಲ್ಲಿಗೆ ಊರ ಮಂದಿಯೆಲ್ಲ ಕೈ ಒರೆಸುವುದು ನಿಲ್ಲಲಿ. ಮೇಷ್ಟ್ರುಗಳು ತರಗತಿಯ ಎದುರುಬದುರು ಕಿಟಕಿಗಳಲ್ಲಿ ಒಂದೊಂದನ್ನಾದರೂ ಮಳೆಯಲ್ಲೂ ತೆರೆದಿಡಲಿ. ಔಷಧಿ ಅಂಗಡಿಯವರು ಚೀಟಿ ಕೇಳಲಿ, ಕೇಳಿದರೆ ಗಿರಾಕಿಗಳು ಸಿಟ್ಟಾಗದಿರಲಿ.

ಮಿಕ್ಕದ್ದು ಅಧಿಕಾರದಲ್ಲಿ ಕುಳಿತವರದು. "ಸಾರ್ವಜನಿಕರು ಕೈ ತೊಳೆದು ಆರೋಗ್ಯ ಕಾಪಾಡಿಕೊಳ್ಳಬೇಕು" ಎಂದು ಬಣ್ಣ ಬಣ್ಣದ ಬೋರ್ಡು ಬರೆಸಲು ಹಣವಿದೆ. ಆ ಬೋರ್ಡಿನ ಕೆಳಗೆ ನೀರು ಬರುವ ಒಂದು ನಲ್ಲಿ ಹಾಕಿಸಲು ಹಣವಿಲ್ಲವೇ? ಮಳೆಗಾಲ ಮುಗಿಯುವುದರೊಳಗೆ ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?